ಕಾರ್ಖಾನೆಯ ಕಟ್ಟಳೆ ಕೊಟ್ಟಿಗೆಗೂ ಬರಲಿ

ಹೈನುಗಾರರ ಮನೆಯಲ್ಲಿ ಯಂತ್ರ ಕೆಡುವುದಕ್ಕೆ ಹೊತ್ತುಗೊತ್ತಿಲ್ಲ. ಮೇವು ಕತ್ತರಿಸುವ ಯಂತ್ರ ನಸುಕಿನಲ್ಲಿ ನಿಂತರೆ ಅಂಗಡಿ ತೆರೆಯುವವರೆಗೆ ಎಮ್ಮೆ ಕಾಯುವುದಿಲ್ಲ. ಮಿಸ್ತ್ರಿ ಇರುವುದು ಸೇಡಂನಲ್ಲೋ ಚಿತ್ತಾಪುರದಲ್ಲೋ. ಚಿಂಚೋಳಿ ಕಡೆಯ ತಾಂಡಾಗಳಿಗೆ ಅವನನ್ನು ಕರೆತರುವುದೇ ಒಂದು ದಿನದ ಕೆಲಸ. ಹೀಗಿರುವಾಗ ಪಕ್ಕಡ, ಸ್ಕ್ರೂಡ್ರೈವರ್ ಹಿಡಿದು ತಾನೇ ಬಿಚ್ಚಲು ಕೂಡುವ ರೈತನನ್ನು ಬೈಯುವುದರಲ್ಲಿ ಅರ್ಥವಿಲ್ಲ. "ಮನೆಯಲ್ಲಿ ರಿಪೇರಿ ಮಾಡಲೇಬೇಡಿ" ಎಂಬ ಉಪದೇಶವನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ರಿಪೇರಿ ಮಾಡೋಣ. ಆದರೆ ನಮ್ಮ ಭಾಗದ ಮಂದಿ ಕಾರ್ಖಾನೆಯಲ್ಲಿ ಪಾಲಿಸುವ ಕಟ್ಟಳೆಯನ್ನು ಮನೆಯಲ್ಲೂ ಪಾಲಿಸೋಣ ಎಂಬುದೇ ಈ ಬರಹದ ಮಾತು.

ವಾಡಿ, ಶಹಾಬಾದ್, ಸೇಡಂ ಸುತ್ತಲಿನ ಹಳ್ಳಿಗಳಲ್ಲಿ ಸಿಮೆಂಟ್ ಕಾರ್ಖಾನೆಯ ಕೆಲಸ ಬಲ್ಲವರು ಸಿಗುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ಯಂತ್ರಕ್ಕೆ ಕೈ ಹಾಕುವ ಮೊದಲು ಏನು ಮಾಡಬೇಕು ಎಂದು ಅವರನ್ನು ಕೇಳಿ ನೋಡಿ. ಮೊದಲು ಕರೆಂಟ್ ತೆಗೆಯಬೇಕು. ಸ್ವಿಚ್ಚಿಗೆ ಬೀಗ ಹಾಕಬೇಕು. "ಕೆಲಸ ನಡೆದಿದೆ, ಚಾಲು ಮಾಡಬೇಡಿ" ಎಂಬ ಚೀಟಿ ತೂಗುಹಾಕಬೇಕು. ಬೀಗದ ಕೈ ಕೆಲಸ ಮಾಡುವವನ ಕಿಸೆಯಲ್ಲೇ ಇರಬೇಕು. ಕರೆಂಟ್ ನಿಜವಾಗಿಯೂ ಹೋಗಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಯಂತ್ರ ಮುಟ್ಟಬೇಕು. ಅಲ್ಲಿ ಇಷ್ಟು ಶಿಸ್ತು. ಮನೆಗೆ ಬಂದರೆ ಹಲ್ಲಿನಿಂದ ವಾಯರ್ ಸುಲಿದು, ಬೆಂಕಿಕಡ್ಡಿ ಚುಚ್ಚಿ ಸಾಕೆಟ್ಟಿಗೆ ಸಿಕ್ಕಿಸುತ್ತೇವೆ. ಎರಡೂ ಕಡೆ ಇರುವುದು ಕೊಲ್ಲುವ ಕರೆಂಟೇ. ಮನೆಯ 230 ವೋಲ್ಟ್ ಜೀವ ತೆಗೆಯಲು ಸಾಕು.

ನಮ್ಮ ಮನೆ ರಿಪೇರಿಯಲ್ಲಿ ಮೂರು ಕೆಟ್ಟ ರೂಢಿಗಳಿವೆ.

ಮೊದಲನೆಯದು, "ಹೇಗೂ ಕರೆಂಟ್ ಹೋಗಿದೆ" ಎಂದು ರಿಪೇರಿಗೆ ಕೂಡುವುದು. ಹೋದ ಕರೆಂಟ್ ಹೇಳಿ ಬರುವುದಿಲ್ಲ. ಮೋಟಾರಿನ ಸ್ವಿಚ್ಚು ಚಾಲೂ ಇದ್ದರೆ, ಬ್ಲೇಡಿನ ಹತ್ತಿರ ಕೈ ಇರುವಾಗಲೇ ಮೇವಿನ ಯಂತ್ರ ತಿರುಗಬಹುದು. ಕರೆಂಟ್ ಇರಲಿ ಬಿಡಲಿ, ಮೇನ್ ಇಳಿಸಿ, ಪ್ಲಗ್ ಕಿತ್ತು ನಿಮ್ಮ ಪಕ್ಕದಲ್ಲೇ ಇಟ್ಟುಕೊಳ್ಳಿ. ಮನೆಯಲ್ಲಿ ಬೀಗದ ಬದಲು ಇದೇ ನಡೆಯುತ್ತದೆ.

ಎರಡನೆಯದು, ಸುಟ್ಟ ಫ್ಯೂಸಿಗೆ ದಪ್ಪ ತಂತಿ ಸುತ್ತುವುದು. ಫ್ಯೂಸ್ ಸುಡುವುದು ಕಾಟಕ್ಕಲ್ಲ, ಎಲ್ಲೋ ತೊಂದರೆ ಇದೆ ಎಂದು ಹೇಳಲಿಕ್ಕೆ. ದಪ್ಪ ತಂತಿ ಹಾಕಿದರೆ ಫ್ಯೂಸ್ ಉಳಿಯುತ್ತದೆ, ಗೋಡೆಯ ವಾಯರ್ ಕಾಯುತ್ತದೆ. ಪಕ್ಕದಲ್ಲಿ ಒಣ ಕಣಕಿ ಇದ್ದರೆ ಮುಂದಿನದನ್ನು ಹೇಳಬೇಕಿಲ್ಲ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಅರ್ಥಿಂಗ್ ವಾಯರ್ ಕತ್ತರಿಸುವುದು. ಮೂರು ಪಿನ್ನಿನ ಪ್ಲಗ್ ನೋಡಿ. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಚುಚ್ಚುವಾಗ ಮೊದಲು ಅದೇ ತಾಗಲಿ, ಕೀಳುವಾಗ ಕೊನೆಗೆ ಅದೇ ಬಿಡಲಿ ಎಂದು ಹಾಗೆ ಮಾಡಿದ್ದಾರೆ. ಮೋಟಾರಿನ ಕಬ್ಬಿಣದ ಮೈಗೆ ಕರೆಂಟ್ ಇಳಿದರೆ ಅದನ್ನು ನೆಲಕ್ಕೆ ಒಯ್ಯುವ ದಾರಿ ಅದು. "ಅದಿಲ್ಲದೆಯೂ ಯಂತ್ರ ಓಡುತ್ತದಲ್ಲ" ಎಂದು ಹಸಿರು ವಾಯರನ್ನು ಕತ್ತರಿಸಿ ಬಿಡುತ್ತೇವೆ. ಓಡುತ್ತದೆ, ನಿಜ. ಆದರೆ ಯಂತ್ರ ಓಡಿದ ಮಾತ್ರಕ್ಕೆ ರಿಪೇರಿ ಆಯಿತು ಎನ್ನುವಂತಿಲ್ಲ. ಮುಟ್ಟಿದವರು ಬದುಕಿದರೆ ರಿಪೇರಿ ಆದಂತೆ.

ಮುಟ್ಟುವವರು ಯಾರು ಎಂಬುದನ್ನೂ ಯೋಚಿಸಬೇಕು. ಬಿಚ್ಚಿ ಕಟ್ಟುವವರು ಬಹಳ ಮನೆಗಳಲ್ಲಿ ಗಂಡಸರು. ಮರುದಿನ ನಸುಕಿನಲ್ಲಿ ಆ ಸ್ವಿಚ್ಚು ಒತ್ತುವವರು ಹೆಣ್ಣುಮಕ್ಕಳು. ಕೈ ಒದ್ದೆ, ಕಾಲಲ್ಲಿ ಚಪ್ಪಲಿ ಇಲ್ಲ, ಕೆಳಗೆ ಗಂಜಲ ಹರಿದ ಶಹಾಬಾದ್ ಕಲ್ಲಿನ ನೆಲ. ಅವರ ಪಕ್ಕದಲ್ಲೇ ದನ. ಒದ್ದೆ ನೆಲಕ್ಕೆ ಕರೆಂಟ್ ಇಳಿದರೆ ದನಕ್ಕೆ ಮನುಷ್ಯನಿಗಿಂತ ಅಪಾಯ ಹೆಚ್ಚು. ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಿರುವುದರಿಂದ ಅದರ ಮೈಮೇಲೆ ಹೆಚ್ಚು ವೋಲ್ಟೇಜ್ ಬೀಳುತ್ತದೆ, ಕರೆಂಟ್ ಎದೆಯ ಮೂಲಕವೇ ಹಾಯುತ್ತದೆ. ಕಟ್ಟಿದ ದನ ಓಡಿಹೋಗಲೂ ಆಗದು.

ಹಾಗಾದರೆ ನಾವೇ ಏನು ಮಾಡಬಹುದು? ಪ್ಲಗ್ ಬದಲಿಸುವುದು, ಮಿಕ್ಸರ್ ಜಾರಿನ ರಬ್ಬರ್ ಮತ್ತು ಕಪ್ಲರ್ ಹಾಕುವುದು, ಮೇವಿನ ಯಂತ್ರದ ಬೆಲ್ಟ್ ಬಿಗಿಮಾಡುವುದು, ಬ್ಲೇಡು ಬಿಚ್ಚಿ ಸಾಣೆ ಹಿಡಿಸುವುದು. ಫ್ಯಾನ್ ನಿಧಾನವಾದರೆ ಹಲವು ಸಲ ಕೆಟ್ಟಿರುವುದು ಕಂಡೆನ್ಸರ್; ಹಳೆಯದರ ಮೇಲೆ ಬರೆದ ಅಳತೆಯದ್ದನ್ನೇ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, ತಂದು ಹಾಕಬಹುದು. ಟೆಸ್ಟರನ್ನು ನಂಬುವ ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಅದು ಉರಿಯುತ್ತದೆಯೇ ಎಂದು ನೋಡಿಕೊಳ್ಳಿ.

ಕೈ ಹಾಕಬಾರದ ಕೆಲಸಗಳೂ ಇವೆ. ಫ್ರಿಜ್ಜಿನ ಗ್ಯಾಸ್ ಅವುಗಳಲ್ಲಿ ಒಂದು. ಈಗಿನ ಹೆಚ್ಚಿನ ಫ್ರಿಜ್ಜುಗಳಲ್ಲಿರುವ ಆರ್-600ಎ ಹೊತ್ತಿಕೊಳ್ಳುವ ಗ್ಯಾಸ್. ನೀರು ಕಾಯಿಸುವ ರಾಡ್ ಬಿರುಕು ಬಿಟ್ಟರೆ ಅದಕ್ಕೆ ಟೇಪ್ ಸುತ್ತಬೇಡಿ, ಎಸೆಯಿರಿ. ಕಂಬ ಹತ್ತಬೇಡಿ, ಜೆಸ್ಕಾಂಗೆ 1912ಕ್ಕೆ ಕರೆ ಮಾಡಿ. ಹಾಲು ಕರೆಯುವ ಯಂತ್ರದಲ್ಲಿ ರಬ್ಬರ್ ಬದಲಿಸುವುದು, ತೊಳೆಯುವುದು ನಮ್ಮ ಕೆಲಸ. ಬೇಗ ಹಾಲು ಇಳಿಯಲಿ ಎಂದು ಗಾಳಿ ಎಳೆಯುವ ಒತ್ತಡ ಏರಿಸುವುದು ನಮ್ಮ ಕೆಲಸವಲ್ಲ. ಅದರಿಂದ ಮೊಲೆಯ ತುದಿ ಗಾಯವಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ.

ರೈತ ಮಾತ್ರ ಸುಧಾರಿಸಿದರೆ ಸಾಲದು, ಯಂತ್ರ ಮಾರುವವರಿಗೂ ಹೊಣೆ ಇದೆ. ಬಿಡಿಭಾಗ ಸಿಗದೆ, ಬಿಚ್ಚುವ ಕ್ರಮ ತಿಳಿಸದೆ ಹೋದಾಗಲೇ ಜುಗಾಡ್ ಹುಟ್ಟುವುದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರಿಪೇರಿ ಹಕ್ಕು' ಪೋರ್ಟಲ್ ಆರಂಭಿಸಿತು. ಕೈಪಿಡಿ, ಬಿಡಿಭಾಗ, ವಾರಂಟಿಯ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಉದ್ದೇಶ. ಅದಕ್ಕೆ ಆರಿಸಿದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು. ಮೇವಿನ ಯಂತ್ರ ಕೊಳ್ಳುವಾಗ ಕನ್ನಡದ ಕೈಪಿಡಿ ಮತ್ತು ಬಿಲ್ಲು ಕೇಳಿ ಪಡೆಯಿರಿ. ವಾರಂಟಿ ಇರುವಾಗ ನೀವು ಬಿಚ್ಚಬೇಡಿ, ಅವರೇ ಬರಲಿ. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ನಮ್ಮ ಹಾಲು ಉತ್ಪಾದಕರ ಸಂಘಗಳು ಮಾಡಬಹುದಾದ ಕೆಲಸವೂ ಒಂದಿದೆ. ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮೊದಲು ಮತ್ತು ಮಳೆಗೆ ಮೊದಲು, ಡೇರಿಯಲ್ಲೇ ರಿಪೇರಿ ದಿನ ಇಡಲಿ. ಕಾರ್ಖಾನೆಯಿಂದ ನಿವೃತ್ತರಾದ ಎಲೆಕ್ಟ್ರಿಷಿಯನ್ನರು, ಐಟಿಐ ಕಲಿತ ಹುಡುಗರು ಊರಲ್ಲೇ ಇದ್ದಾರೆ. ಅವರು ಮನೆಮನೆಯ ಅರ್ಥಿಂಗ್ ಪರೀಕ್ಷಿಸಲಿ. ಕರಿಮಣ್ಣು ಬಿರಿಯುವ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಬೇಕೆಂದು ಹೇಳಿಕೊಡಲಿ. ಜೊತೆಗೆ ಕೊಟ್ಟಿಗೆಗೊಂದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಲಿ. ಎಂಸಿಬಿ ಇದ್ದರೆ ಸಾಕು ಎಂಬ ನಂಬಿಕೆ ತಪ್ಪು. ಅದು ಮುಖ್ಯವಾಗಿ ವಾಯರನ್ನು ಕಾಯುತ್ತದೆ. ಕರೆಂಟ್ ಸೋರಿದಾಗ ಕ್ಷಣದಲ್ಲಿ ಕಡಿದು ಮನುಷ್ಯನನ್ನೂ ದನವನ್ನೂ ಕಾಯುವುದು ಆರ್‌ಸಿಸಿಬಿ. ಸಂಘವೇ ಒಟ್ಟಿಗೆ ಕೊಂಡು, ಪಶು ಆಹಾರದ ಹಣದಂತೆ ಹಾಲಿನ ಬಿಲ್ಲಿನಲ್ಲಿ ಕಂತಿನಲ್ಲಿ ಹಿಡಿದರೆ ಯಾರಿಗೂ ಭಾರವಾಗದು.

ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ಮಾತು ನೀವೇ ಎತ್ತಿ. ಹೆಣ್ಣುಮಕ್ಕಳು ಎತ್ತಿದರೆ ಇನ್ನೂ ಒಳ್ಳೆಯದು. ನಸುಕಿನಲ್ಲಿ ಸ್ವಿಚ್ಚು ಒತ್ತುವವರು ಅವರೇ ತಾನೆ?