ಶುಕ್ರವಾರದ ಬಟ್ಟಲು, ತಾಯಿಯ ಪಾಲು



ಕಳೆದ ತಪಸ್ಸು ಕಾಲದ ಒಂದು ಶುಕ್ರವಾರ ಶಿಲುಬೆಹಾದಿ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾಲ್ಕಾರು ಜನ ಮಾತಾಡುತ್ತ ನಿಂತಿದ್ದೆವು. ಮಾತು ಊಟದ ಕಡೆಗೆ ಹೊರಳಿತು. ಒಬ್ಬರು, ಸೊಲ್ಲಾಪುರಕ್ಕೆ ಹೋಗಿ ಪಾಪ್ಲೆಟ್ ಮೀನು ತಂದದ್ದನ್ನೂ ಅದಕ್ಕೆ ಕೊಟ್ಟ ಬೆಲೆಯನ್ನೂ ಹೇಳಿದರು. ಇನ್ನೊಬ್ಬರು, "ನಮ್ಮ ಮನ್ಯಾಗ ಚಿಲಾಪಿ ಮಾಡ್ಯಾರ" ಎಂದಾಗ ಮೊದಲಿನವರು ನಕ್ಕು, "ಅದು ಬಡವರ ಮೀನು ಬಿಡ್ರಿ" ಎಂದರು. ಪಕ್ಕದಲ್ಲಿ ನಿಂತಿದ್ದ ಒಬ್ಬ ತಾಯಿ ಮೆಲ್ಲಗೆ ಹೇಳಿದರು: "ಯಾವ ಮೀನಾದರೇನ್ರಿ, ನಾವು ಕಡೀಕ ಉಣ್ಣೋರು. ನಮಗ ಬರೇ ಸಾರು ಉಳಿದಿರತೈತಿ."

ಎಲ್ಲರೂ ನಕ್ಕರು. ಆ ತಾಯಿಯೂ ನಕ್ಕರು. ಆದರೆ ಅವರ ಮುಖ ಬಿಳಿಚಿಕೊಂಡಿದ್ದನ್ನು ನಾನು ಗಮನಿಸಿದೆ. ಈ ತಿಂಗಳ ಅಂಕಣಕ್ಕೆ ಆ ಮಾತೇ ಕಾರಣ. ಶುಕ್ರವಾರದ ಮೀನು ಎಂಥದ್ದಿರಬೇಕು, ಅದನ್ನು ಮನೆಯಲ್ಲಿ ಹೇಗೆ ಮಾಡಬೇಕು, ಮೊದಲು ಯಾರಿಗೆ ಬಡಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ನನಗೆ ತೋಚಿದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ದೂರದ ಮೀನು, ಹತ್ತಿರದ ಮೀನು

ಧರ್ಮಸಭೆಯು ಶುಕ್ರವಾರ ಮಾಂಸವನ್ನು ವರ್ಜಿಸಲು ಹೇಳಿದ್ದು ನಾಲಗೆಗೆ ಬೇರೊಂದು ಹಬ್ಬ ಮಾಡಲು ಅಲ್ಲ. ಕುರಿಯ ಮಾಂಸ ಬಿಟ್ಟು ಅದಕ್ಕಿಂತ ತುಟ್ಟಿಯಾದ ಪಾಪ್ಲೆಟ್ ತಿಂದರೆ ನಿಯಮವೇನೋ ಪಾಲನೆಯಾಯಿತು, ತಪಸ್ಸು ಆಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅದೂ ಅಲ್ಲದೆ ಮುಂಬಯಿಯ ಕಡಲು ನಮಗೆ ಸುಮಾರು ೪೦೦ ಕಿಲೋಮೀಟರ್ ದೂರ. ಅಷ್ಟು ದೂರದಿಂದ ಬರುವ ಮೀನು ಉದ್ದಕ್ಕೂ ಮಂಜುಗಡ್ಡೆಯಲ್ಲಿದ್ದರೆ ಚೆನ್ನ. ನಡುದಾರಿಯಲ್ಲಿ ಮಂಜು ಕರಗಿ ಮತ್ತೆ ತುಂಬಿದ್ದರೆ ಅದರ ತಾಜಾತನ ಹೋಗಿರುತ್ತದೆ.

ನಮ್ಮ ಹತ್ತಿರ ನೀರಿಲ್ಲವೇ? ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟು ೧೯೮೦ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಇಂದು ಸಾವಿರಾರು ಮೀನುಗಾರ ಕುಟುಂಬಗಳು ಬದುಕುತ್ತಿವೆ. ಸೊಲ್ಲಾಪುರದ ಬಳಿ ಎಕರೂಕ ಕೆರೆಯಿದೆ. ಅಕ್ಕಲಕೋಟೆ ತಾಲೂಕಿನಲ್ಲಿ ಬೋರಿ ನದಿಯ ಕುರನೂರು ಜಲಾಶಯವಿದೆ. ಈ ನೀರುಗಳಲ್ಲಿ ರಾಹು, ಕಟ್ಲಾ ಸಿಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಬಲೆಗೆ ಬೀಳುವುದು ಚಿಲಾಪಿ.

ಈ ಚಿಲಾಪಿಯ ಕುಲ ಯಾವುದು ಗೊತ್ತೇ? ಇದು ತಿಲಾಪಿಯ ಎಂಬ ಜಾತಿಯ ಮೀನು. ಆಫ್ರಿಕಾ ಮೂಲದ ಈ ಮೀನನ್ನು ೧೯೫೨ರಲ್ಲಿ ನಮ್ಮ ದೇಶಕ್ಕೆ ತಂದರು. ಇದರ ಹತ್ತಿರದ ಬಂಧುಗಳು ಗಲಿಲೇಯ ಸರೋವರದಲ್ಲಿವೆ. ಇಂದಿಗೂ ಅಲ್ಲಿಗೆ ಹೋದ ಯಾತ್ರಿಕರಿಗೆ ಅದನ್ನೇ "ಸಂತ ಪೇತ್ರರ ಮೀನು" ಎಂದು ಬಡಿಸುತ್ತಾರೆ. ಗಲಿಲೇಯವು ಉಪ್ಪುನೀರಿನ ಕಡಲಲ್ಲ, ಸಿಹಿನೀರಿನ ಕೆರೆ. ಪುನರುತ್ಥಾನರಾದ ಪ್ರಭು ಬೆಳಗಿನ ಹೊತ್ತು ಆ ದಂಡೆಯ ಮೇಲೆ ಕೆಂಡ ಹೊತ್ತಿಸಿ, ಮೀನು ಸುಟ್ಟು, ಇಡೀ ರಾತ್ರಿ ದುಡಿದು ದಣಿದ ಶಿಷ್ಯರನ್ನು ಊಟಕ್ಕೆ ಕರೆದದ್ದನ್ನು ಸಂತ ಯೊವಾನ್ನರು ತಮ್ಮ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಅದು ಎಂಥ ಮೀನೆಂದು ಅವರು ಹೇಳಿಲ್ಲ. ಆದರೆ ಅದು ಆ ದಂಡೆಯದೇ ಮೀನು. ಹೀಗಿರುವಾಗ ನಮ್ಮ ದಂಡೆಯ ಮೀನನ್ನು ಬಡವರ ಮೀನೆಂದು ಹಳಿಯಲು ನಮಗೆ ಯಾವ ಅಧಿಕಾರ?

ಚಿಲಾಪಿಗೆ ಇನ್ನೊಂದು ಗುಣವಿದೆ. ರಾಹು, ಕಟ್ಲಾಗಳ ಹಾಗೆ ಮಾಂಸದ ನಡುವೆ ಸಣ್ಣ ಮುಳ್ಳುಗಳು ಇದರಲ್ಲಿಲ್ಲ. ಮಕ್ಕಳಿಗೂ ಹಲ್ಲಿಲ್ಲದ ಹಿರಿಯರಿಗೂ ಬಿಡಿಸಿ ಕೊಡುವುದು ಸುಲಭ.

ನಿಂಬೆ ಮತ್ತು ಸೊಪ್ಪು

ಭೀಮೆಯ ಆಚೆ ದಂಡೆಯ ಇಂಡಿಯ ನಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಈಚೆ ದಂಡೆಯ ನಮ್ಮ ಹೊಲಗಳಲ್ಲೂ ಕಾಗ್ಜಿ ನಿಂಬೆಯ ಗಿಡಗಳಿವೆ. ಮಳೆಗಾಲದಲ್ಲಿ ನಿಂಬೆಯನ್ನು ಕೇಳುವವರಿಲ್ಲ. ಕೊಯ್ಲಿನ ಕೂಲಿಯೂ ಹುಟ್ಟದೆ ಗಿಡದ ಬುಡದಲ್ಲೇ ಕೊಳೆಯುವುದನ್ನು ಕಂಡಿದ್ದೇವೆ. ಅದೇ ನಿಂಬೆ ೨೦೨೨ರ ಏಪ್ರಿಲ್‌ನಲ್ಲಿ, ತಪಸ್ಸು ಕಾಲದಲ್ಲಿ, ಒಂದಕ್ಕೆ ಹತ್ತು ರೂಪಾಯಿಗೆ ಏರಿತ್ತು. ಮಾರುವ ಲೆಕ್ಕ ನಮಗೆ ಗೊತ್ತು. ಆದರೆ ನಿಂಬೆಯನ್ನು ಉಣ್ಣುವ ಲೆಕ್ಕವನ್ನು ನಾವು ಹಾಕಿಯೇ ಇಲ್ಲ.

ಲೆಕ್ಕ ಹೀಗಿದೆ. ನಮ್ಮ ಜೋಳದ ರೊಟ್ಟಿಯಲ್ಲೂ ಬೇಳೆಯಲ್ಲೂ ಸೊಪ್ಪಿನಲ್ಲೂ ಕಬ್ಬಿಣಾಂಶವಿದೆ. ಆದರೆ ಧಾನ್ಯ, ಸೊಪ್ಪುಗಳ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ತುತ್ತಿನೊಂದಿಗೆ "ಸಿ" ಜೀವಸತ್ವ ಸೇರಿದರೆ ಹೀರಿಕೆ ಹೆಚ್ಚುತ್ತದೆ. ಮೀನಿನ ತುಂಡು ಸೇರಿದರೆ ಇನ್ನಷ್ಟು ಹೆಚ್ಚುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ ಇದಕ್ಕೆ ತದ್ವಿರುದ್ಧ. ಅದು ಕಬ್ಬಿಣಾಂಶವನ್ನು ಹಿಡಿದು ಹೊರಹಾಕುತ್ತದೆ. ಆದ್ದರಿಂದ ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸಾದರೂ ಇರಲಿ.

ನಿಂಬೆಯನ್ನು ಅತಿಯಾಗಿ ಹೊಗಳುವುದೂ ಬೇಡ. ಒಂದು ಹಣ್ಣಿನ ರಸದಲ್ಲಿ ಸಿ ಜೀವಸತ್ವ ಸುಮಾರು ೧೦ ಮಿಲಿಗ್ರಾಂ. ಹಿತ್ತಲಿನ ಪೇರಲ ಹಣ್ಣಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಹಸಿ ಕೋತಂಬರಿ ತನ್ನ ಪಾಲನ್ನು ಕೊಡುತ್ತದೆ. ಹೀಗೆ ಎಲ್ಲವೂ ಒಂದೇ ಬಟ್ಟಲಿನಲ್ಲಿ ಕೂಡಿದರೆ ಪ್ರಯೋಜನ.

ಮಾಡುವ ಬಗೆ

ಐದು ಜನರ ಮನೆಗೆ ಮುಕ್ಕಾಲು ಕಿಲೋ ಚಿಲಾಪಿ, ಎರಡು ಬಟ್ಟಲು ಅಕ್ಕಿ, ಮೂರು ನಿಂಬೆಹಣ್ಣು, ಒಂದು ಸಿವುಡು ಕೋತಂಬರಿ, ಅರ್ಧ ಸಿವುಡು ಸಬ್ಬಸಗಿ, ಒಂದು ಹಿಡಿ ಪುದೀನ, ನಾಲ್ಕು ಹಸಿಮೆಣಸಿನಕಾಯಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಉಳ್ಳಾಗಡ್ಡಿ, ಎರಡು ಸವತಿಕಾಯಿ, ಅರಿಶಿಣ, ಉಪ್ಪು, ಎರಡು ಚಮಚ ಕುಸುಬಿ ಎಣ್ಣೆ ಸಾಕು. ಅಕ್ಕಿಯ ಬದಲು ಜೋಳದ ನುಚ್ಚು ಬೇಯಿಸಿದರೂ ಆಗುತ್ತದೆ. ಕಬ್ಬಿಣಾಂಶದಲ್ಲಿ ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಜೋಳವೇ ಮೇಲು.

ಮೀನು ಕೊಳ್ಳುವಾಗ ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಜಾಗ ಮತ್ತೆ ಮೇಲೇಳಬೇಕು. ಕಿವಿರು, ಕರುಳು, ಹೊಟ್ಟೆಯೊಳಗಿನ ಕಪ್ಪು ಪೊರೆ ತೆಗೆದು ಚೆನ್ನಾಗಿ ತೊಳೆಯಿರಿ. ಉಪ್ಪು, ಅರಿಶಿಣ, ಜಜ್ಜಿದ ಅರ್ಧ ಬೆಳ್ಳುಳ್ಳಿ, ಅರ್ಧ ನಿಂಬೆಯ ರಸ ಸವರಿ ಹದಿನೈದು ನಿಮಿಷ ಇಡಿ. ಸ್ಟೀಲಿನ ಇಲ್ಲವೆ ಗಾಜಿನ ಪಾತ್ರೆ ಬಳಸಿರಿ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳಿಗೆ ಹುಳಿ ಆಗದು.

ಕಾದ ಹಂಚಿಗೆ ಎಣ್ಣೆ ಹಾಕಿ ಮೀನಿನ ಎರಡೂ ಬದಿ ಬೇಯಿಸಿರಿ. ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ತಾನಾಗಿ ಬಿಡುವವರೆಗೆ ಬೇಯಬೇಕು. ಅನ್ನ ಉದುರಾಗಿ ಮಾಡಿ ಸ್ವಲ್ಪ ಆರಲು ಬಿಡಿ. ಕೋತಂಬರಿ, ಪುದೀನ, ಹಸಿಮೆಣಸಿನಕಾಯಿ, ಉಳಿದ ಬೆಳ್ಳುಳ್ಳಿ, ಉಪ್ಪು ಕಲ್ಲಿನಲ್ಲಿ ದಪ್ಪಗೆ ಅರೆದು ಎರಡು ನಿಂಬೆಯ ರಸ ಹಿಂಡಿ ಅನ್ನಕ್ಕೆ ಕಲಸಿರಿ. ಅದರ ಮೇಲೆ ಬಿಡಿಸಿದ ಮೀನು, ಸಣ್ಣಗೆ ಹೆಚ್ಚಿದ ಸವತಿಕಾಯಿ, ಉಳ್ಳಾಗಡ್ಡಿ, ಹಸಿ ಸಬ್ಬಸಗಿ ಉದುರಿಸಿ ಕೊನೆಗೆ ಉಳಿದ ನಿಂಬೆ ಹಿಂಡಿರಿ. ನಮ್ಮ ಶೇಂಗಾ ಚಟ್ನಿ ಒಂದು ಚಮಚ ಬಿದ್ದರೆ ಬೇರೆ ಮಸಾಲೆಯೇ ಬೇಡ. ಸಬ್ಬಸಗಿ ಮೀನಿಗೆ ಹೊಂದುತ್ತದೆಯೇ ಎಂದು ಅನುಮಾನ ಪಡುವವರು ಒಮ್ಮೆ ಮಾಡಿ ನೋಡಿರಿ. ಮೀನಿನ ವಾಸನೆ ಒಗ್ಗದವರೂ ಉಣ್ಣುತ್ತಾರೆ.

ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ಕುದಿಯಲ್ಲಿ ಸಿ ಜೀವಸತ್ವ ನಾಶವಾಗುತ್ತದೆ, ರುಚಿಯೂ ಕಹಿಯಾಗುತ್ತದೆ.

ಎಚ್ಚರಿಕೆಯ ಮಾತುಗಳು

ನಿಂಬೆರಸದಲ್ಲಿ ನೆನೆಸಿದ ಹಸಿ ಮೀನನ್ನು ಹಾಗೆಯೇ ತಿನ್ನುವ ಪದ್ಧತಿ ಕೆಲವು ದೇಶಗಳಲ್ಲಿದೆ. ಹುಳಿಗೆ ಮೀನು ಬೆಳ್ಳಗಾಗುತ್ತದೆ ನಿಜ, ಆದರೆ ಬೇಯುವುದಿಲ್ಲ. ಹೊಳೆ ಕೆರೆಗಳ ಮೀನಿನಲ್ಲಿರುವ ಹುಳುಗಳು ನಿಂಬೆಗೆ ಸಾಯುವುದಿಲ್ಲ. ಬೆಂಕಿಯ ಮೇಲೆ ಬೇಯಿಸಿಯೇ ತಿನ್ನಬೇಕು. ಬೆಳಗಿನ ಅನ್ನವನ್ನು ಬೇಸಿಗೆಯ ಸೆಕೆಯಲ್ಲಿ ಸಂಜೆಯವರೆಗೆ ಇಟ್ಟು ಈ ಬಟ್ಟಲು ಮಾಡಬೇಡಿರಿ. ಹೊಟ್ಟೆ ಕೆಡುತ್ತದೆ.

ಪುಣೆ ಹಾಗೂ ಪಿಂಪ್ರಿ-ಚಿಂಚವಡದ ಕೊಳಚೆ ಭೀಮೆಯ ಉಪನದಿಗಳ ಮೂಲಕ ಉಜನಿಗೆ ಬರುತ್ತದೆ. ಇದು ಕಣ್ಣಿಗೆ ಕಾಣುವ ಸತ್ಯ. ಆದ್ದರಿಂದ ಮೀನುಗಳು ಸತ್ತು ತೇಲಿದ ನೀರಿನ, ನಾರುವ ಹಸಿರು ನೀರಿನ ಮೀನು ಬೇಡ. ದಿವಂಗತ ಪೋಪ್ ಫ್ರಾನ್ಸಿಸರು ೨೦೧೫ರಲ್ಲಿ ಬರೆದ "ಲೌದಾತೊ ಸಿ" ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದರು. ನದಿ ಆ ಮನೆಯ ನೀರಿನ ಕೊಡ. ನಗರದವರನ್ನು ದೂರುವ ಮೊದಲು ನಮ್ಮ ಕೈಯನ್ನೂ ನೋಡಿಕೊಳ್ಳೋಣ. ಸೈಪರ್ಮೆಥ್ರಿನ್‌ನಂಥ ಔಷಧಿಯ ಕೆಲವೇ ಹನಿಗಳು ಮೀನಿಗೆ ವಿಷ. ದಾಳಿಂಬೆಗೆ, ದ್ರಾಕ್ಷಿಗೆ ಸಿಂಪಡಿಸಿದ ಪಂಪನ್ನು ಹಳ್ಳದಲ್ಲೋ ಕೃಷಿಹೊಂಡದಲ್ಲೋ ತೊಳೆಯುವ ಅಭ್ಯಾಸ ಇಂದೇ ನಿಲ್ಲಲಿ.

ಕೃಷಿಹೊಂಡ ಇದ್ದವರು ಅದರಲ್ಲಿ ರಾಹು, ಕಟ್ಲಾ ಮರಿಗಳನ್ನು ಬಿಡಬಹುದು. ಮಳೆಗಾಲದಲ್ಲಿ ಬಿಟ್ಟರೆ ಬೇಸಿಗೆಗೆ ನೀರು ಇಳಿಯುವ ಹೊತ್ತಿಗೆ, ಅಂದರೆ ತಪಸ್ಸು ಕಾಲಕ್ಕೆ ಸರಿಯಾಗಿ, ಹಿಡಿಯಲು ಬರುತ್ತವೆ. ಚಿಲಾಪಿಯನ್ನು ಮಾತ್ರ ಹೊಂಡಕ್ಕೆ ಬಿಡಬೇಡಿರಿ. ಅದು ಮಿತಿಯಿಲ್ಲದೆ ಹೆಚ್ಚಿ ಎಲ್ಲವೂ ಸಣ್ಣದಾಗಿಯೇ ಉಳಿಯುತ್ತದೆ. ಬಚ್ಚಲ ನೀರು ಹರಿಯುವಲ್ಲಿ ಒಂದು ನಿಂಬೆ ಗಿಡ, ಒಂದು ಪೇರಲ ಗಿಡ ನೆಡಿರಿ. ಕೋತಂಬರಿ, ಸಬ್ಬಸಗಿಗೆ ಶುದ್ಧ ನೀರಿನ ಒಂದು ಸಣ್ಣ ಮಡಿ ಸಾಕು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬಚ್ಚಲ ನೀರು ಬೇಡ.

ಮೊದಲ ಬಟ್ಟಲು ಯಾರಿಗೆ?

ಈಗ ಆ ತಾಯಿಯ ಮಾತಿಗೆ ಬರುತ್ತೇನೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ೫೭ ಜನರಿಗೆ ರಕ್ತಹೀನತೆ ಇದೆ. ಮಹಾರಾಷ್ಟ್ರದಲ್ಲೂ ಅರ್ಧಕ್ಕಿಂತ ಹೆಚ್ಚು. ಪೂಜೆಗೆ ಬಂದು ಬೆಂಚಿನಲ್ಲಿ ಕುಳಿತ ನಮ್ಮ ತಾಯಂದಿರು, ಸೊಸೆಯಂದಿರು, ಹೆಣ್ಣುಮಕ್ಕಳೂ ಈ ಲೆಕ್ಕದಲ್ಲಿದ್ದಾರೆ. ಕಳೆ ತೆಗೆಯುವಾಗ ಕಣ್ಣು ಕತ್ತಲಿಡುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ಇವನ್ನು "ಬಿಸಿಲಿಗೆ ಹೀಂಗಾಗತೈತಿ" ಎಂದು ತಳ್ಳಿಹಾಕುತ್ತೇವೆ.

ಚಿಲಾಪಿಯ ತಾಯಿ ತನ್ನ ಮೊಟ್ಟೆ ಮರಿಗಳನ್ನು ಬಾಯೊಳಗೆ ಇಟ್ಟುಕೊಂಡು ಕಾಯುತ್ತದೆ. ಆ ದಿನಗಳಲ್ಲಿ ಅದು ತಿನ್ನುವುದೇ ಇಲ್ಲ ಎನ್ನಬಹುದು. ಆದರೆ ಮರಿಗಳು ಈಜಿಹೋದ ಮೇಲೆ ಅದು ಮತ್ತೆ ತಿನ್ನುತ್ತದೆ. ನಮ್ಮ ಮನೆಯ ತಾಯಿಗೆ ಆ ಸರದಿ ಯಾವಾಗ ಬರುತ್ತದೆ?

ಧರ್ಮಸಭೆಯ ೧೯೮೩ರ ಕಾನೂನು ಉಪವಾಸವನ್ನು ೧೮ ತುಂಬಿದವರಿಗೆ, ೫೯ ತುಂಬುವವರೆಗೆ ಮಾತ್ರ ವಿಧಿಸಿದೆ. ರೋಗಿಗಳಿಗೂ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ವಿನಾಯಿತಿ ಕೊಡುವುದು ಹಿಂದಿನಿಂದ ಬಂದ ರೂಢಿ. ಹೀಗೆ ಧರ್ಮಸಭೆಯೇ ಕರುಣೆ ತೋರಿರುವಾಗ ಮನೆಯಲ್ಲಿ ನಾವು ವರ್ಷವಿಡೀ ಒಬ್ಬಳ ಮೇಲೆ ಮಾತ್ರ ಉಪವಾಸ ಹೇರುವುದು ಯಾವ ತಪಸ್ಸು? ಗಂಡಸರು ಒಂದು ಶುಕ್ರವಾರ ಬಡಿಸುವ ಕೆಲಸ ಮಾಡಲಿ. ಐದು ಬಟ್ಟಲುಗಳನ್ನು ಸಾಲಾಗಿ ಇಟ್ಟು ಮೀನನ್ನು ಸಮನಾಗಿ ಹಂಚಲಿ. ಬಟ್ಟಲಿನ ಊಟದ ದೊಡ್ಡ ಅನುಕೂಲ ಇದೇ. ಪಾತ್ರೆಯ ತಳದಲ್ಲಿ ಉಳಿದದ್ದು ತಾಯಿಗೆ ಎಂಬ ಮಾತೇ ಬರುವುದಿಲ್ಲ. ಅವರವರ ಪಾಲು ಕಣ್ಣೆದುರಿಗೆ ಇರುತ್ತದೆ.

ಮೀನೂ ನಿಂಬೆಯೂ ಔಷಧವಲ್ಲ ಎಂಬುದನ್ನೂ ಹೇಳಬೇಕು. ಸುಸ್ತು, ಏದುಸಿರು ಇದ್ದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ. ಕೊಟ್ಟ ಕಬ್ಬಿಣದ ಮಾತ್ರೆಯನ್ನು ಚಹಾದೊಡನೆ ನುಂಗದೆ ನಿಂಬೆ ನೀರಿನೊಡನೆ ತೆಗೆದುಕೊಳ್ಳಿರಿ.

ಪಾಪ್ಲೆಟ್ ಬಿಟ್ಟು ಚಿಲಾಪಿ ತಂದರೆ ಉಳಿಯುವ ಹಣವನ್ನು ತಪಸ್ಸು ಕಾಲದ ದಾನದ ಪೆಟ್ಟಿಗೆಗೆ ಹಾಕೋಣ. ತಿಬೇರಿಯ ದಂಡೆಯಲ್ಲಿ ಪ್ರಭು ತಾವೇ ಅಡುಗೆ ಮಾಡಿ ದಣಿದವರಿಗೆ ಬಡಿಸಿದರು. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವರು ಯಾರೆಂದು ನಮಗೆ ಗೊತ್ತು. ಬರುವ ಶುಕ್ರವಾರ ಮೊದಲ ಬಟ್ಟಲು ಅವರ ಕೈಗೆ ಹೋಗಲಿ.