ಹೊಸೂರಿನಿಂದ ಹೊರಟ ಶೀಲ
ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಲ್ಲಿ 1920ರಲ್ಲಿ ಜನಿಸಿ, ಓದಿನ ಹಂಬಲವೊಂದನ್ನೇ ಬುತ್ತಿಯಾಗಿ ಕಟ್ಟಿಕೊಂಡು 1935ರಲ್ಲಿ ಕಾಲ್ನಡೆಯಿಂದಲೇ ಬೆಂಗಳೂರನ್ನು ಸೇರಿದ ಎಚ್. ನರಸಿಂಹಯ್ಯನವರ ಶೀಲದಾರ್ಢ್ಯವನ್ನು ಅರಿಯಬೇಕಾದರೆ, ಅವರ ಪದವಿಗಳಿಗಿಂತ ಅವರು ವಾಸವಾಗಿದ್ದ ಕೊಠಡಿಯನ್ನು ನೆನೆಯುವುದು ಲೇಸು. 1942ರ ಸ್ವಾತಂತ್ರ್ಯ ಚಳವಳಿಯಲ್ಲಿ ಓದನ್ನು ತೊರೆದು ಸೆರೆಮನೆಯನ್ನು ಕಂಡವರೂ, ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರವನ್ನು ವ್ಯಾಸಂಗಮಾಡಿ ಡಾಕ್ಟರೇಟ್ ಪಡೆದವರೂ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳೂ ಆಗಿದ್ದ ಆ ಮಹನೀಯರು, ಖಾದಿಯ ಪಂಚೆ, ಜುಬ್ಬ, ಬಿಳಿಯ ಟೋಪಿಗಳಲ್ಲಿ ಸಂತುಷ್ಟರಾಗಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಸಣ್ಣ ಕೋಣೆಯಲ್ಲಿಯೇ ಬ್ರಹ್ಮಚಾರಿಯಾಗಿ ಬಾಳನ್ನು ಸವೆಸಿದರು. ಅಧಿಕಾರಸ್ಥರು ಸಾಧಾರಣವಾಗಿ ಮೌನವನ್ನೇ ಆಶ್ರಯಿಸುವ ವಿಷಯದಲ್ಲಿ, ಎಂದರೆ ಪವಾಡಗಳ ಪರೀಕ್ಷೆಯಲ್ಲಿ, ಅವರು 1976ರಲ್ಲಿ ಸಮಿತಿಯನ್ನೇ ರಚಿಸಿ, ಒದಗಿದ ವಿರೋಧವನ್ನು ಅಳುಕದೆ ಎದುರಿಸಿದರು. ಆದುದರಿಂದ ಅವರ ಹುಟ್ಟುನಾಡಿನ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಉಪಾಧ್ಯಾಯರು ಅವರ ಆತ್ಮಕಥೆಯಾದ ‘ಹೋರಾಟದ ಹಾದಿ’ಯನ್ನು ತಮ್ಮ ಮಕ್ಕಳ ಕೈಗೆ ಕೊಡಬೇಕೆಂದು ಬೇಡುತ್ತೇನೆ.