ಊರು ಬಿಡುವ ಮುನ್ನ

ಅತ್ತಿಗುಪ್ಪೆಯಿಂದ ಗೃಹಿಣಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಹೆಸರನ್ನು ಪ್ರಕಟಿಸಬಾರದೆಂದು ಕೋರಿರುವುದರಿಂದ ವಿಷಯವನ್ನು ಮಾತ್ರ ವಾಚಕರ ಮುಂದಿಡುತ್ತೇವೆ. ಅವರ ಯಜಮಾನರಿಗೆ ಕೆಲಸದಲ್ಲಿ ಬಡ್ತಿ ದೊರೆತಿದೆ. ಆದರೆ ಆ ಸ್ಥಾನವಿರುವುದು ದೆಹಲಿಯಲ್ಲಿ. ಅಕ್ಟೋಬರ್ ತಿಂಗಳಲ್ಲಿ ಹೋಗಿ ಕೆಲಸಕ್ಕೆ ಸೇರಬೇಕು. ಸಂಬಳ ತಿಂಗಳಿಗೆ ೪೫,೦೦೦ ರೂಪಾಯಿಯಷ್ಟು ಹೆಚ್ಚುವುದು. ಮನೆಯಲ್ಲಿ ಎಪ್ಪತ್ತೆರಡು ವರ್ಷದ ಅತ್ತೆಯವರಿದ್ದಾರೆ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳಿದ್ದಾಳೆ. ಮನೆ ಸ್ವಂತದ್ದು, ಅದರ ಮೇಲೆ ಇನ್ನೂ ಕೆಲವು ವರ್ಷದ ಸಾಲವಿದೆ. ಕಾಗದ ಬರೆದ ಸಹೋದರಿಯು ಸಮೀಪದ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. “ಎಲ್ಲರೂ ಅದೃಷ್ಟವೆನ್ನುತ್ತಾರೆ. ನನಗೆ ಮಾತ್ರ ರಾತ್ರಿ ನಿದ್ರೆ ಬಾರದು. ಇದು ಹೇಡಿತನವೋ ವಿವೇಕವೋ ತಿಳಿಸಬೇಕು” ಎಂಬುದು ಅವರ ಪ್ರಶ್ನೆ.

ಇಂತಹ ಪ್ರಶ್ನೆ ಇಂದು ಒಂದು ಮನೆಯದಲ್ಲ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ವಿಚಾರಿಸುವೆವು.

ಮಹಾಭಾರತದ ಅರಣ್ಯಪರ್ವದಲ್ಲಿ ಯಕ್ಷನು ಧರ್ಮರಾಯನನ್ನು ಕೇಳುವ ಪ್ರಶ್ನೆಗಳಲ್ಲಿ ಸುಖಿಯಾದವನು ಯಾರೆಂಬುದೂ ಒಂದು. ಸಾಲವಿಲ್ಲದೆ, ಪರಸ್ಥಳವಾಸವಿಲ್ಲದೆ, ತನ್ನ ಮನೆಯಲ್ಲಿ ಸೊಪ್ಪು ಬೇಯಿಸಿಕೊಂಡು ಉಣ್ಣುವವನೇ ಸುಖಿಯೆಂಬ ತಾತ್ಪರ್ಯದ ಉತ್ತರವನ್ನು ಧರ್ಮರಾಯನು ಕೊಡುತ್ತಾನೆ. ಊರು ಬಿಡಬಾರದೆನ್ನುವವರು ಈ ಮಾತನ್ನು ಮುಂದೆ ಮಾಡುವುದುಂಟು. ಆದರೆ ಆ ಉತ್ತರವನ್ನು ಕೊಟ್ಟವನು ಹನ್ನೆರಡು ವರ್ಷ ಕಾಡಿನಲ್ಲಿ ಕಳೆದು, ಇನ್ನೂ ಒಂದು ವರ್ಷ ಪರರ ಊರಿನಲ್ಲಿ ಅಡಗಿರಬೇಕಾಗಿದ್ದವನು. ಪ್ರವಾಸದ ಕಷ್ಟವನ್ನು ಉಂಡವನು ಆಡಿದ ಮಾತು ಅದು. ಅಲ್ಲದೆ, ಸಾಲವಿಲ್ಲದಿರುವುದು, ಊರು ಬಿಡದಿರುವುದು ಎಂಬ ಎರಡು ಸುಖಗಳೂ ಒಂದೇ ಮನೆಯಲ್ಲಿ ಕೂಡಿಬರುವ ಭಾಗ್ಯ ಎಲ್ಲರಿಗಿಲ್ಲ. ಮನೆಯ ಸಾಲವನ್ನು ತೀರಿಸಲೆಂದೇ ಮನೆಯನ್ನು ಬಿಟ್ಟು ಹೋಗಬೇಕಾದ ಗೃಹಸ್ಥರು ನಮ್ಮ ಸುತ್ತ ಎಷ್ಟೋ ಮಂದಿ ಇದ್ದಾರೆ. ಅವರನ್ನು ಧನದಾಶೆಯವರೆಂದು ಹಳಿಯುವುದು ನ್ಯಾಯವಲ್ಲ.

ಊರು ಬಿಟ್ಟು ಏಳಿಗೆ ಹೊಂದಿದವರ ಕಥೆಯೂ ನಮ್ಮಲ್ಲಿ ಹಳೆಯದೇ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಬಿಲ್ಹಣ ಪಂಡಿತನು ಹುಟ್ಟೂರಾದ ಖೋನಮುಖವನ್ನು ಬಿಟ್ಟು, ಮಥುರೆ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳನ್ನು ಹಾದು, ಸೋಮನಾಥವನ್ನೂ ಕಂಡು, ಕೊನೆಗೆ ನಮ್ಮ ಕಲ್ಯಾಣಕ್ಕೆ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ, ಬಂದನು. ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು ಅವನಿಗೆ ವಿದ್ಯಾಪತಿಯೆಂಬ ಪದವಿಯನ್ನಿತ್ತು ಮನ್ನಿಸಿದನು. ಆ ದೊರೆಯ ಚರಿತೆಯನ್ನು ‘ವಿಕ್ರಮಾಂಕದೇವಚರಿತ’ವೆಂಬ ಕಾವ್ಯವಾಗಿ ರಚಿಸಿದ ಕವಿಯು ಕಡೆಯ ಹದಿನೆಂಟನೆಯ ಸರ್ಗವನ್ನು ತನ್ನ ಕಾಶ್ಮೀರಕ್ಕೆ ಮೀಸಲಿಟ್ಟನು. ಹಳ್ಳಿಯ ಕೇಸರಿ, ದ್ರಾಕ್ಷಿ, ತನ್ನ ವಂಶ, ತಾನು ಬಂದ ದಾರಿ, ಎಲ್ಲವೂ ಅಲ್ಲಿ ಬಂದಿವೆ. ದೂರ ಹೋದ ಮಾತ್ರಕ್ಕೆ ಊರು ಕೈಬಿಟ್ಟು ಹೋಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಬಿಲ್ಹಣನು ತನ್ನ ಇಚ್ಛೆಯಿಂದ, ತನ್ನ ವಿದ್ಯೆಯ ಬಲವನ್ನು ನಂಬಿ ಹೊರಟವನು. ಅತ್ತಿಗುಪ್ಪೆಯ ಈ ಮನೆಯಲ್ಲಿ ಬಡ್ತಿ ಒಬ್ಬರದು, ಪ್ರಯಾಣ ನಾಲ್ವರದು. ವಿಚಾರ ಇಲ್ಲಿಂದ ಮೊದಲಾಗಬೇಕು.

“ನಮ್ಮ ಹಿರಿಯರೂ ಊರು ಬಿಟ್ಟೇ ಬಂದವರಲ್ಲವೆ?” ಎಂದು ಯಜಮಾನರು ವಾದಿಸುತ್ತಿದ್ದಾರಂತೆ. ವಾದ ಸರಿಯೆ. ಅತ್ತಿಗುಪ್ಪೆ, ವಿಜಯನಗರ, ಚಂದ್ರಾ ಬಡಾವಣೆಗಳ ಹಿರಿಯರನ್ನು ಮಾತನಾಡಿಸಿದರೆ ಮಾಗಡಿ, ಮಂಡ್ಯ, ತುಮಕೂರು, ಹಾಸನಗಳ ಕಡೆಯ ಹಳ್ಳಿಗಳ ಹೆಸರು ಅವರ ಬಾಯಲ್ಲಿ ಬರುತ್ತದೆ. ಆದರೆ ಅವರು ಹಬ್ಬದ ದಿನ ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಎಲೆಗೆ ಊರಿನಲ್ಲಿರುತ್ತಿದ್ದರು. ದೆಹಲಿಯು ರೈಲುದಾರಿಯಲ್ಲಿ ಸುಮಾರು ೨,೪೦೦ ಕಿಲೋಮೀಟರು ದೂರ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆಯಬೇಕು. ವಿಮಾನಕ್ಕೆ ಸುಮಾರು ಮೂರು ಗಂಟೆ ಸಾಕೆಂಬುದು ನಿಜ. ಹಬ್ಬದ ವಾರದಲ್ಲಿ ನಾಲ್ವರ ಟಿಕೆಟ್ಟಿನ ಬೆಲೆಯನ್ನು ವಿಚಾರಿಸಿದ ಮೇಲೆ ಆ ಮಾತನ್ನು ಆಡಬೇಕು.

ಈಗ ಹಣದ ವಿಚಾರ. ಸಹೋದರಿಯು ಕಾಗದದಲ್ಲಿ ಅಂಕಿಗಳನ್ನು ಬಿಡಿಯಾಗಿ ಕೊಟ್ಟಿದ್ದಾರೆ, ಕೂಡಿಸಿಲ್ಲ. ಸಂಬಳದ ಹೆಚ್ಚಳ ೪೫,೦೦೦. ದೆಹಲಿಯಲ್ಲಿ ಅವರು ವಿಚಾರಿಸಿರುವ ಮನೆಯ ಬಾಡಿಗೆ ೩೦,೦೦೦, ಉಳಿಯುವುದು ೧೫,೦೦೦. ಅವರು ತಮ್ಮ ಶಾಲೆಯನ್ನು ಬಿಟ್ಟರೆ ನಿಲ್ಲುವ ಸಂಬಳ ೨೬,೦೦೦. ಅಲ್ಲಿಗೆ ತಿಂಗಳಿಗೆ ೧೧,೦೦೦ ಕೊರತೆ! ಅತ್ತಿಗುಪ್ಪೆಯ ಮನೆಯನ್ನು ೨೫,೦೦೦ಕ್ಕೆ ಬಾಡಿಗೆಗೆ ಕೊಟ್ಟರೆ ಮಾತ್ರ ೧೪,೦೦೦ ಲಾಭ ಕಾಣುತ್ತದೆ. ಅದರಲ್ಲಿಯೇ ವರಮಾನ ತೆರಿಗೆ, ಹೊಸ ಶಾಲೆಯ ಶುಲ್ಕ, ಊರಿಗೆ ಬಂದು ಹೋಗುವ ಖರ್ಚು ಎಲ್ಲವೂ ಸೇರಬೇಕು. ಈ ಲೆಕ್ಕದಲ್ಲಿ ಎರಡು ಸಂಗತಿಗಳು ಹೊರಬೀಳುತ್ತವೆ. ಮನೆಯವರೆಲ್ಲ ಯಜಮಾನರ ಬಡ್ತಿಯನ್ನು ಎಣಿಸಿದರು. ಗೃಹಿಣಿಯ ದುಡಿಮೆ ನಿಲ್ಲುವುದನ್ನು ಯಾರೂ ಎಣಿಸಲಿಲ್ಲ. ಮತ್ತು, ಲಾಭವೆಂಬುದು ಏನಾದರೂ ಇದ್ದರೆ ಅದು ಅತ್ತೆಯವರು ತಮ್ಮ ಮನೆಯನ್ನು ಬಾಡಿಗೆದಾರರಿಗೆ ಬಿಟ್ಟುಕೊಟ್ಟು ಹೊರಟಾಗ ಬರುವ ಲಾಭ. ದೆಹಲಿಯಲ್ಲಿ ಈ ಸಹೋದರಿಗೂ ಕೆಲಸ ದೊರೆತರೆ ಲೆಕ್ಕ ತಿರುಗೀತು. ಆದರೆ ದೊರೆಯದ ಕೆಲಸದ ಸಂಬಳವನ್ನು ಯಾವ ಗೃಹಸ್ಥನೂ ಜಮೆಯಲ್ಲಿ ಬರೆಯಬಾರದು.

ಬಡ್ತಿಯ ಬೆಲೆ ತಿಂಗಳ ಹಣದಲ್ಲಿ ಮುಗಿಯುವುದಿಲ್ಲವೆಂಬುದನ್ನೂ ನಾವು ಬಲ್ಲೆವು. ನಲವತ್ತರ ವಯಸ್ಸಿನಲ್ಲಿ ಬಂದ ಅವಕಾಶವನ್ನು ಮನೆಯವರ ಸಲುವಾಗಿ ಬಿಟ್ಟವನು ಐವತ್ತರಲ್ಲಿ ಮನೆಯವರ ಮೇಲೆ ಮುನಿಯುವುದುಂಟು. ಆ ಅಂಶವನ್ನೂ ತಕ್ಕಡಿಯಲ್ಲಿ ಇಡಲೇಬೇಕು.

ಮಗಳ ವಿದ್ಯಾಭ್ಯಾಸಕ್ಕೆ ಬರುವೆವು. ಇಲ್ಲಿ ಕಾಲವೇ ಮುಖ್ಯ. ಸಿಬಿಎಸ್‌ಇ ಪದ್ಧತಿಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳು ಕೂಡಿ ಒಂದೇ ಪಾಠಕ್ರಮ. ಪರೀಕ್ಷೆಗಾಗಿ ಹೆಸರು ನೋಂದಾಯಿಸುವುದು ಒಂಬತ್ತರಲ್ಲಿಯೇ. ನಡುವೆ ಹತ್ತಕ್ಕೆ ಹೋಗಿ ಸೇರುವುದು ಕಷ್ಟ. ಆದುದರಿಂದ ಒಂಬತ್ತರ ಆರಂಭದಲ್ಲಿ ಹೋಗಬೇಕು, ಇಲ್ಲವೆ ಎಸ್‌ಎಸ್‌ಎಲ್‌ಸಿ ಮುಗಿಸಿ ಹೋಗಬೇಕು. ದೆಹಲಿಯ ಶಾಲೆಗಳಲ್ಲಿ ಹೊಸ ವರ್ಷ ಏಪ್ರಿಲ್ ಮೊದಲಿಗೇ ತೊಡಗುತ್ತದೆ. ನಮ್ಮಂತೆ ಬೇಸಗೆ ರಜೆಯ ತರುವಾಯ ಅಲ್ಲ. ಮುಂದೆ ನಮ್ಮ ರಾಜ್ಯದ ಸಿಇಟಿ ಮೂಲಕ ಇಂಜಿನಿಯರಿಂಗ್ ಮೊದಲಾದ ಸೀಟು ಬೇಕೆಂದರೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬುದೇ ಮೊದಲಾದ ನಿಯಮಗಳಿವೆ. ಆಯಾ ವರ್ಷದ ಪುಸ್ತಿಕೆಯನ್ನು ಪೂರ್ತಿ ಓದಿಕೊಳ್ಳಬೇಕು. ಸಿಬಿಎಸ್‌ಇಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವುಂಟು; ಆದರೆ ಸೇರುವ ಶಾಲೆಯಲ್ಲಿ ಅದನ್ನು ಕಲಿಸುವವರುಂಟೇ ಎಂಬುದನ್ನು ಕೇಳಿ ತಿಳಿಯಬೇಕು. ಲೋದಿ ಎಸ್ಟೇಟಿನಲ್ಲಿ ನಮ್ಮವರು ನಡೆಸುವ ದೆಹಲಿ ಕನ್ನಡ ಶಾಲೆಯನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಕನ್ನಡಿಗರಿಗೆ ದೆಹಲಿಯು ಅಪರಿಚಿತ ಊರಲ್ಲ. ದೆಹಲಿ ಕರ್ನಾಟಕ ಸಂಘವು ೧೯೪೮ರಲ್ಲಿಯೇ ಹುಟ್ಟಿತು. ಹಬ್ಬಕ್ಕೆ, ನಾಟಕಕ್ಕೆ, ನಾಲ್ಕು ಮಾತಿಗೆ ಜನ ಸಿಕ್ಕುವರು. ಹವೆಯ ವಿಚಾರ ಬೇರೆ. ಸಮುದ್ರಮಟ್ಟದಿಂದ ೯೦೦ ಮೀಟರು ಎತ್ತರದಲ್ಲಿ ಬೆಳೆದ ದೇಹಕ್ಕೆ ಮೇ ತಿಂಗಳಲ್ಲಿ ೪೫ ಡಿಗ್ರಿ ಮುಟ್ಟುವ ಬಿಸಿಲೂ, ಜನವರಿಯಲ್ಲಿ ೫ಕ್ಕಿಂತ ಕೆಳಗಿಳಿಯುವ ರಾತ್ರಿಗಳೂ ಹೊಸವು. ಚಳಿಗಾಲ ತೊಡಗುತ್ತಲೇ ಗಾಳಿ ನಿಂತು, ವಾಹನಗಳ ಹೊಗೆಯೂ ಸುತ್ತಿನ ಹೊಲಗಳಲ್ಲಿ ಕೂಳೆ ಸುಟ್ಟ ಹೊಗೆಯೂ ಊರ ಮೇಲೆ ಕವಿಯುತ್ತವೆ. ೨೦೨೪ರ ನವೆಂಬರಿನಲ್ಲಿ ಹೊಗೆಯ ದೆಸೆಯಿಂದ ಮಕ್ಕಳು ಶಾಲೆಗೆ ಹೋಗದೆ ಮನೆಯಿಂದಲೇ ಪಾಠ ಕೇಳಬೇಕಾಯಿತು. ಅತ್ತೆಯವರಿಗೆ ಉಬ್ಬಸವುಂಟೆಂದು ಕಾಗದದ ಒಂದು ಮೂಲೆಯಲ್ಲಿ ಬರೆದಿದೆ. ಅದು ಮೊದಲ ಸಾಲಿನಲ್ಲಿ ಇರಬೇಕಾಗಿದ್ದ ಮಾತು.

ಅತ್ತೆಯವರ ಅಭಿಪ್ರಾಯವೇನೆಂದು ಕಾಗದದಲ್ಲಿ ಎಲ್ಲಿಯೂ ಇಲ್ಲ. “ಅವರು ಏನೂ ಹೇಳುವುದಿಲ್ಲ, ನೀವು ಹೇಗೆ ಹೇಳಿದರೆ ಹಾಗೆ ಎನ್ನುತ್ತಾರೆ” ಎಂದಷ್ಟೇ ಇದೆ. ನಮ್ಮ ಮನೆಗಳಲ್ಲಿ ಮುದುಕಿಯರ ಈ ಮಾತನ್ನು ಒಪ್ಪಿಗೆಯೆಂದು ತೆಗೆದುಕೊಳ್ಳುವ ರೂಢಿ ಬಿದ್ದಿದೆ. ಬಹುಮಟ್ಟಿಗೆ ಅದು ತನ್ನನ್ನು ಕೇಳಲಿಲ್ಲವೆಂಬುದರ ಸೂಚನೆ. ಆ ತಾಯಿ ಇಂದು ತಾವೇ ಮಾರುತಿ ಮಂದಿರಕ್ಕೆ ಹೋಗಿ ಬರುತ್ತಾರೆ. ೨೦೧೫ರ ನವೆಂಬರಿನಲ್ಲಿ ಅತ್ತಿಗುಪ್ಪೆಗೆ ಬಂದ ಮೆಟ್ರೊದಲ್ಲಿ ಐದು ನಿಲ್ದಾಣ ಕುಳಿತು ಮೆಜೆಸ್ಟಿಕ್ಕಿನಲ್ಲಿಳಿದು ಮಗಳ ಮನೆಗೂ ಹೋಗುತ್ತಾರಂತೆ. ಸೊಪ್ಪಿನವಳು, ಔಷಧಿಯಂಗಡಿಯವನು, ಎದುರು ಮನೆಯ ಗೆಳತಿ, ಎಲ್ಲರೊಡನೆಯೂ ಅವರ ಭಾಷೆ ನಡೆಯುತ್ತದೆ. ಹಿಂದಿ ಬಾರದವರು ದೆಹಲಿಯ ಮೂರನೆಯ ಮಹಡಿಯ ಮನೆಯಲ್ಲಿ ಹಗಲೆಲ್ಲ ಯಾರೊಡನೆ ಮಾತನಾಡುವರು? ಪೆನ್ಷನ್ನಿನ ಜೀವಿತ ಪ್ರಮಾಣಪತ್ರವನ್ನು ೨೦೧೪ರಿಂದೀಚೆಗೆ ಎಲ್ಲಿಂದಲಾದರೂ ಗಣಕಯಂತ್ರದ ಮೂಲಕ ಸಲ್ಲಿಸಬಹುದಾಗಿದೆ. ಮಾತಿನ ಜತೆಗಾರರನ್ನು ಹಾಗೆ ತರಿಸಿಕೊಳ್ಳಲು ಬಾರದು. ಹಾಗೆಂದು ಅವರು ಮೊಮ್ಮಗಳನ್ನು ಬಿಟ್ಟಿರಲಾರೆನೆಂದು ಹೊರಡಬಹುದು, ಮಗಳ ಮನೆಯಲ್ಲಿರುವೆನೆನ್ನಬಹುದು. ಯಾವುದನ್ನೂ ನಾವು ಊಹಿಸಲಾಗದು. ಮಗನಾದವರು ತಾಯಿಯೊಡನೆ ಒಬ್ಬರೇ ಕುಳಿತು, ನಿರ್ಧಾರಕ್ಕೆ ಮೊದಲು, ಕೇಳಬೇಕು.

ನಮ್ಮ ಸಲಹೆಯನ್ನು ಹೇಳುವೆವು. ಅಕ್ಟೋಬರಿನಲ್ಲಿ ಯಜಮಾನರು ಒಬ್ಬರೇ ಹೋಗಲಿ. ಒಂದು ಕೋಣೆಯಲ್ಲಿದ್ದು ಚಳಿಗಾಲವನ್ನು ಕಳೆಯಲಿ. ಸಹೋದರಿಯು ರಾಜೀನಾಮೆ ಕೊಡದೆ, ಡಿಸೆಂಬರಿನ ರಜೆಯಲ್ಲಿ ಮಗಳೊಡನೆ ಹತ್ತು ದಿನ ಹೋಗಿ ಬರಲಿ. ವೈದ್ಯರು ಒಪ್ಪಿದರೆ ಮಾತ್ರ ಅತ್ತೆಯವರನ್ನೂ ಕರೆದೊಯ್ಯಲಿ. ಹೂವರಳುವ ಫೆಬ್ರವರಿಯಲ್ಲಿ ದೆಹಲಿಯನ್ನು ನೋಡಿ ಮರುಳಾದವರು ಉಂಟು. ಊರಿನ ಕೆಟ್ಟ ಮುಖವನ್ನು ಮೊದಲು ನೋಡಬೇಕು. ಫೆಬ್ರವರಿಯ ಕೊನೆಯೊಳಗೆ ನಾಲ್ವರೂ ಕುಳಿತು ತೀರ್ಮಾನಿಸಿದರೆ ಮಗಳ ಒಂಬತ್ತನೆಯ ತರಗತಿಗೆ ಕಾಲ ಮೀರುವುದಿಲ್ಲ. ಹೋಗಬಾರದೆಂದಾದರೆ ಎಸ್‌ಎಸ್‌ಎಲ್‌ಸಿ ಮುಗಿಯುವ ತನಕ ಎರಡು ಮನೆ ನಡೆಸುವುದೋ, ಬೆಂಗಳೂರಿಗೆ ವರ್ಗ ಕೇಳುವುದೋ ಆಗ ನೋಡಬಹುದು. ಅದುವರೆಗೆ ಅತ್ತಿಗುಪ್ಪೆಯ ಮನೆಯನ್ನು ಮಾರುವ ಮಾತು ಬೇಡ; ಬಾಡಿಗೆಗೆ ಕೊಡುವುದಾದರೂ ಹನ್ನೊಂದು ತಿಂಗಳ ಕರಾರಿಗಿಂತ ಹೆಚ್ಚು ಬೇಡ. ಹೋಗುವುದೇ ಆದರೆ ಮತದಾರರ ಪಟ್ಟಿಗೆ ನಮೂನೆ ೮ನ್ನು ಸಲ್ಲಿಸಬೇಕು. ಇಲ್ಲಿಯ ವಾಹನವನ್ನು ಹನ್ನೆರಡು ತಿಂಗಳಿಗೆ ಮೀರಿ ಅಲ್ಲಿಟ್ಟರೆ ಮರುನೋಂದಣಿ ಮಾಡಿಸಬೇಕೆಂಬುದು ನೆನಪಿರಲಿ.

ಸಹೋದರಿಯ ಪ್ರಶ್ನೆಗೆ ಉತ್ತರವಿಷ್ಟು: ನಿದ್ರೆಗೆಡಿಸಿದ್ದು ಹೇಡಿತನವಲ್ಲ. ಮನೆಯಲ್ಲಿ ಯಾರೂ ಕೂಡಿಸದ ಲೆಕ್ಕವನ್ನು ತಮ್ಮ ಮನಸ್ಸು ಒಳಗೊಳಗೇ ಕೂಡಿಸುತ್ತಿದೆ. ಅದನ್ನು ಕಾಗದದ ಮೇಲೆ ಬರೆದು ಯಜಮಾನರ ಮುಂದಿಡಬೇಕು. ತಮ್ಮ ೨೬,೦೦೦ವನ್ನು ಅದರಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು. ತೀರ್ಮಾನವಾದ ಮೇಲೆ ನಮಗೆ ನಾಲ್ಕು ಸಾಲು ಬರೆದರೆ ಸಂತೋಷಪಡುವೆವು.